ಬೆಲೆ ನಿಂತ ಮನೆ

“ಕಾಲು ತೆಗಿ ಅಕ್ಕ! ಅದು ಬ್ಯಾಂಕಿನ ಜಾಗ!”

ನಾಲ್ಕನೇ ಕ್ಲಾಸಿನ ಗುಬ್ಬಿ ಹಾಲ್‌ನ ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದ ಗೆರೆ ಎಳೆದಿದ್ದಳು. ಅಡುಗೆಮನೆಯ ಕಡೆ ‘ನಮ್ಮದು’ ಎಂದು ಬರೆದಿದ್ದಳು. ಉಳಿದದ್ದೆಲ್ಲ ‘ಬ್ಯಾಂಕಿಂದು’.

“ಮನೆ ಹೆಸರಿಗೆ ನಮ್ಮದು. ಅದರ ಬೆಲೆಯಲ್ಲಿ ಸಾಲ ಕಳೆದ್ರೆ ನಮ್ಮ ಪಾಲಿಗೆ ಉಳಿಯೋದು ಅಡುಗೆಮನೆಯಷ್ಟೇ” ಎಂದು ಅಪ್ಪ ಹಿಂದಿನ ದಿನ ಅಮ್ಮನ ಹತ್ತಿರ ಅಂದದ್ದು ಅವಳ ಕಿವಿಗೆ ಬಿದ್ದಿತ್ತು.

“ಹಾಗಾದ್ರೆ ಬಾತ್‌ರೂಮು ಯಾರದು ಮೇಡಂ?” ಅಕ್ಕ ಕೇಳಿದಳು.

“ಬ್ಯಾಂಕಿಂದು. ಪರ್ಮಿಷನ್ ತಗೊಂಡು ಹೋಗು.”

ಅಕ್ಕ ಬಿದ್ದು ಬಿದ್ದು ನಕ್ಕಳು. ಈಚೆಗೆ ಅವಳಿಗೆ ಎಲ್ಲದಕ್ಕೂ ನಗು. ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಮನೆಯ ಮೇಲೆ ಇನ್ನೊಂದಿಷ್ಟು ಸಾಲ ಸಿಕ್ಕರೆ ಸಾಕು, ಫೀಸು ಕಟ್ಟಿಬಿಡಬಹುದು. ಅದನ್ನು ಕೇಳಲೆಂದೇ ಅಪ್ಪ ಬ್ಯಾಂಕಿಗೆ ಹೋಗಿದ್ದ.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಸಂಜೆ ಗ್ರೀಸ್ ಹತ್ತಿದ ಯೂನಿಫಾರ್ಮಿನಲ್ಲೇ ಬಂದವನು ಶೂ ಕೂಡ ಬಿಚ್ಚದೆ ಕುಕ್ಕರಿಸಿದ.

“ಏನಂದ್ರು?” ಅಮ್ಮ ಕೇಳಿದಳು.

“ಆಗಲ್ಲ ಅಂದ್ರು. ಈ ಕಡೆ ಮನೆಗಳ ಬೆಲೆ ನಿಂತುಬಿಟ್ಟಿದೆಯಂತೆ. ಏರ್ತಾನೇ ಇರುತ್ತೆ ಅಂದ್ಕೊಂಡಿದ್ದೆ ನಾನು.”

“ನಿಂತಿದೆ ತಾನೆ? ಬಿದ್ದಿಲ್ವಲ್ಲ!” ಗುಬ್ಬಿ ನಡುವೆ ಬಾಯಿ ಹಾಕಿದಳು. “ಅದಕ್ಯಾಕಪ್ಪ ಮುಖ ಹಿಂಗೆ ಮಾಡ್ಕೊಂಡಿದ್ದೀಯ?”

ಅಪ್ಪ ಅವಳನ್ನು ಹತ್ತಿರ ಎಳೆದುಕೊಂಡ.

“ಬೆಲೆ ಏರೋವಾಗ ನಾವು ಲಿಫ್ಟಲ್ಲಿದ್ದ ಹಾಗೆ ಕಣೇ. ಸುಮ್ನೆ ನಿಂತಿದ್ರೂ ಮೇಲೆ ಹೋಗ್ತೀವಿ. ಸಾಲ ಹೆಚ್ಚಾಗಲ್ಲ, ಮನೆ ಬೆಲೆ ಹೆಚ್ಚಾಗುತ್ತೆ. ಆ ಹೆಚ್ಚಿದ್ದೆಲ್ಲ ನಮ್ಮ ಪಾಲು, ಅದರ ಮೇಲೇ ಬ್ಯಾಂಕು ಹೊಸ ಸಾಲ ಕೊಡೋದು. ಈಗ ಲಿಫ್ಟ್ ನಿಂತಿದೆ. ಇನ್ನು ಮೆಟ್ಟಿಲೇ ಗತಿ. ಕಂತು ಕಟ್ಟಿ ಕಟ್ಟಿ ಎಷ್ಟು ಸಾಲ ತೀರಿಸ್ತೀವೋ, ಅಷ್ಟು ಮಾತ್ರ ನಮ್ಮದಾಗೋದು.”

“ಲಿಫ್ಟ್ ರಿಪೇರಿ ಮಾಡೋನು ನೀನೇ ಅಲ್ವಾ? ಮಾಡಿಬಿಡು!”

ಯಾರೂ ನಗಲಿಲ್ಲ.

“ಈ ಲಿಫ್ಟಿನ ಸ್ವಿಚ್ಚು ಎಲ್ಲಿದೆಯೋ ನಂಗೂ ಗೊತ್ತಿಲ್ಲ ಮಗಳೇ.”

ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ತೊಳೆಯಲು ಅಲ್ಲಿ ಅಷ್ಟೊಂದು ಪಾತ್ರೆಗಳೇ ಇರಲಿಲ್ಲ.

ಮುಂದಿನ ವಾರ ಅಕ್ಕ ಗುಬ್ಬಿಯ ಶಾಲೆಯ ಎದುರಿನ ಮೆಡಿಕಲ್ ಶಾಪಿಗೆ ಕೆಲಸಕ್ಕೆ ಸೇರಿದಳು. ಅವಳ ಸೀಟು ಬೇರೆ ಯಾರಿಗೋ ಹೋಯಿತು. “ಬರೋ ವರ್ಷ ನೋಡಿದ್ರಾಯ್ತು” ಎಂದು ಅಮ್ಮ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಅಕ್ಕ ಮಾತ್ರ ಹಾಗೆ ಹೇಳುತ್ತಿರಲಿಲ್ಲ.

ಒಂದು ದಿನ ಶಾಲೆ ಬಿಟ್ಟಾಗ ಪಕ್ಕದ ಬೆಂಚಿನ ಗುಂಡ ಗೇಟಿನ ಹತ್ತಿರ ಕೇಳಿದ. “ನಿಮ್ಮನೆ ಬೆಲೆ ಬಿದ್ದೋಯ್ತಂತೆ? ನಮ್ಮಮ್ಮ ಹೇಳ್ತಿದ್ರು.”

“ಬಿದ್ದಿಲ್ಲ ಕಣೋ. ನಿಂತಿದೆ.”

“ಅಯ್ಯೋ, ನಿಂತ್ರೆ ಏನ್ ಮಹಾ!”

ಗುಬ್ಬಿ ಉತ್ತರ ಹೇಳಲು ಬಾಯಿ ತೆರೆದಳು.

ರಸ್ತೆಯ ಆಚೆ, ಗಾಜಿನ ಕೌಂಟರಿನ ಹಿಂದೆ ಅಕ್ಕ ಕಾಣಿಸಿದಳು. ಅಲ್ಲಿ ಕುರ್ಚಿ ಇರಲಿಲ್ಲ. ಯಾರೋ ಚೀಟಿ ಚಾಚಿದರು. ಅಕ್ಕ ಮೇಲಿನ ಶೆಲ್ಫಿಗೆ ಕೈ ಹಾಕುತ್ತಲೇ ಒಂದು ಕಾಲನ್ನು ಚಪ್ಪಲಿಯಿಂದ ಬಿಡಿಸಿ, ಇನ್ನೊಂದು ಕಾಲಿಗೆ ಮೆಲ್ಲಗೆ ಉಜ್ಜಿಕೊಂಡಳು. ಆಮೇಲೆ ಆ ಕಾಲೂರಿ, ಇನ್ನೊಂದನ್ನು ಎತ್ತಿದಳು. ಅಷ್ಟರಲ್ಲಿ ಇನ್ನೊಬ್ಬರು ಚೀಟಿ ಚಾಚಿದರು.

“ಹೇಳೇ, ನಿಂತ್ರೆ ಏನಾಗುತ್ತೆ?” ಗುಂಡ ಬ್ಯಾಗು ಜಗ್ಗಿದ.

ಗುಬ್ಬಿ ಅಕ್ಕನ ಕಾಲುಗಳನ್ನೇ ನೋಡುತ್ತಿದ್ದಳು.