ಕೊಕ್ಕರೆಯಾದ ಗಂಡ, ಹಗ್ಗ ಹಿಡಿದ ದೇವೀರಿ

ಬಹಳ ಹಿಂದೆ, ಮೋಡಗಳು ಕೂಡ ಅಪ್ಪಣೆ ಕೇಳಿ ಊರು ದಾಟುತ್ತಿದ್ದ ಕಾಲದಲ್ಲಿ, ಬಣ್ಣಗಿರಿ ಎಂಬ ರಾಜ್ಯವಿತ್ತು. ಅಲ್ಲಿ ವರ್ಷಕ್ಕೊಮ್ಮೆ ಮಾಯಾಮೃಗಗಳ ಮೆರವಣಿಗೆ. ರೆಕ್ಕೆಯ ಆನೆಗಳು, ಹಾಡುವ ಆಮೆಗಳು, ಹೆಜ್ಜೆಹೆಜ್ಜೆಗೂ ಬಣ್ಣ ಬದಲಿಸುವ ಕುದುರೆಗಳು, ಮನೆಯಷ್ಟೆತ್ತರದ ನವಿಲು. ಎಲ್ಲವೂ ಅರಮನೆಯಿಂದ ಹೊರಟು, ರಾಜಬೀದಿ ಹಿಡಿದು, ಕೆರೆಬಾಗಿಲು ದಾಟಿ ಕಾಡಿಗೆ ಮರಳುತ್ತಿದ್ದವು. ನೋಡಲು ಜನವೋ ಜನ, ಕಾಲಿಡಲು ಜಾಗವಿಲ್ಲ.

ಆ ಜನರನ್ನು ಬೀದಿಯ ಎರಡೂ ಬದಿಯಲ್ಲಿ ಹಗ್ಗ ಹಿಡಿದು ತಡೆಯುವವರೇ ಹಗ್ಗದವರು. ಅವರಿಗೆ ಒಂದೇ ಕಟ್ಟಳೆ: ಮುಖ ಜನರ ಕಡೆ, ಬೆನ್ನು ಮೆರವಣಿಗೆಯ ಕಡೆ. ಇಡೀ ರಾಜ್ಯ ಬಾಯಿ ಬಿಟ್ಟುಕೊಂಡು ನೋಡುವ ಸೊಬಗನ್ನು ಅವರು ಮಾತ್ರ ನೋಡುವಂತಿಲ್ಲ. ಎಂಥಾ ಅನ್ಯಾಯ ನೋಡಿ!

ಹಗ್ಗದವರಲ್ಲಿ ಜವರ ಎಂಬವನಿದ್ದ. ಒಳ್ಳೆಯವನೇ, ಆದರೆ ಆಸೆಬುರುಕ. ಒಂದು ವರ್ಷ ನವಿಲು ಬೆನ್ನ ಹಿಂದೆಯೇ ಗರಿ ಬಿಚ್ಚಿದಾಗ ತಡೆಯಲಾರದೆ ತಿರುಗಿಬಿಟ್ಟ. ಅಷ್ಟರಲ್ಲಿ ಯಾರದೋ ಮೇಕೆ ಹಗ್ಗದಡಿ ನುಸುಳಿ ಬೀದಿಗೆ ನುಗ್ಗಿತು. ಆನೆ ಬೆದರಿತು, ಮೆರವಣಿಗೆ ನಿಂತೇಹೋಯಿತು.

ಅದನ್ನೇ ಕಾಯುತ್ತಿದ್ದ ಮಬ್ಬರಾಯ. ಅವನು ಗುಡ್ಡದ ಮೇಲಿನ ಮಾಂತ್ರಿಕ. ಮೆರವಣಿಗೆ ನಡೆಯುವಷ್ಟು ಹೊತ್ತು ಬರೀ ಕಣ್ಕಟ್ಟಿನ ಹೊರತು ಅವನ ಆಟ ಸಾಗದು, ನಿಂತರೆ ಅವನದೇ ಕಾರುಬಾರು. ಕಪ್ಪು ಮೋಡದಿಂದ ಇಳಿದವನೇ ಜವರನನ್ನು ಕೊಕ್ಕರೆ ಮಾಡಿ ಮೃಗಗಳ ಸಾಲಿಗೆ ಸೇರಿಸಿಬಿಟ್ಟ.

ಜವರನ ಹೆಂಡತಿ ದೇವೀರಿ ಸೆರಗು ಬಿಗಿದು ಮುಂದೆ ಬಂದಳು. "ತಪ್ಪು ಮಾಡಿದ್ರೆ ಬೈಯಿ, ದಂಡ ಹಾಕು. ಮನುಷ್ಯನ್ನ ಕೊಕ್ಕರೆ ಮಾಡೋದು ಯಾವ ಸೀಮೆ ನ್ಯಾಯ?"

ಮಬ್ಬರಾಯನಿಗೆ ನಗು ಬಂತು. "ಅಬ್ಬಬ್ಬಾ, ನಾಲಿಗೆ ನೋಡು! ಸರಿ, ಕೇಳು. ಬರೋ ವರ್ಷ ಮೆರವಣಿಗೆ ಎಲ್ಲೂ ನಿಲ್ಲದೆ ಕೆರೆಬಾಗಿಲು ದಾಟಿದರೆ ಗಂಡ ನಿನ್ನವನು, ನನ್ನ ಮಂತ್ರವೂ ಮಣ್ಣುಪಾಲು. ಒಂದು ಗಳಿಗೆ ನಿಂತರೂ ಅವನು ಸಾಯೋವರೆಗೂ ಕೊಕ್ಕರೆ." ಸೊಕ್ಕಿದವರು ಹೀಗೇ, ಕೈಯಲ್ಲಿದ್ದದ್ದನ್ನು ಪಣಕ್ಕಿಟ್ಟು ಮೆರೆಯುತ್ತಾರೆ.

ವರ್ಷ ಕಳೆಯಿತು. ದೇವೀರಿ ಗಂಡನ ಜಾಗದಲ್ಲಿ ನಿಲ್ಲಲು ಬಂದಳು. ಹಗ್ಗದವರ ಹಿರಿಯ ಕೆಂಚನಾಯಕ ತಲೆ ಕೆರೆದುಕೊಂಡ. "ಬೇಡ ಕಣವ್ವ. ಗಂಡನೇ ಬೆನ್ನ ಹಿಂದೆ ಹೋಗ್ವಾಗ ತಿರುಗಿ ನೋಡ್ದೆ ಇರ್ತೀಯಾ?"

"ಇರ್ತೀನಿ ಮಾವ. ಅವರಿಗೆ ನೋಡೋ ಆಸೆ ಇತ್ತು. ನನಗಿರೋದು ಅವರು ಮನೆಗೆ ಬರ್ಲಿ ಅನ್ನೋ ಆಸೆ."

ಕೆರೆಬಾಗಿಲ ಬಳಿ ಬೀದಿ ಇಕ್ಕಟ್ಟು, ನೂಕುನುಗ್ಗಲು ಜಾಸ್ತಿ. ಅಲ್ಲೇ ನಿಂತಳು ದೇವೀರಿ. ಡೋಲು ಬಡಿಯಿತು, ಮೆರವಣಿಗೆ ಹೊರಟಿತು, ಆನೆಗಳ ಹೆಜ್ಜೆಗೆ ನೆಲ ನಡುಗಿತು.

ಮಬ್ಬರಾಯ ಮೋಡದ ಮೇಲೆ ಕೂತು ಮೊದಲ ಆಟ ಹೂಡಿದ. ಆಕಾಶದಿಂದ ಜಿಲೇಬಿ ಮಳೆ! ಬಿಸಿಬಿಸಿ ಜಿಲೇಬಿ, ಅದೂ ಬೀದಿಯ ನಟ್ಟನಡುವೆ. ಜನ ಹುಚ್ಚೆದ್ದು ಹಗ್ಗದ ಮೇಲೆ ಬಿದ್ದರು. ಎಲ್ಲರಿಗಿಂತ ಮುಂದೆ ಜವಳಿ ಅಂಗಡಿಯ ದಪ್ಪನೆಯ ಶೆಟ್ಟರು.

ದೇವೀರಿ ಅವರನ್ನು ತಳ್ಳಲಿಲ್ಲ, ಗದರಲೂ ಇಲ್ಲ. "ಶೆಟ್ರೇ, ಕಾಪಾಡ್ಬೇಕು! ನನ್ನ ಕೈ ಸೋಲ್ತಿದೆ, ಈ ಹಗ್ಗ ಹಿಡ್ಕೊಳ್ಳಿ. ಈ ಜನಾನ ತಡೆಯೋಕೆ ನಿಮ್ಮಂಥವರೇ ಆಗ್ಬೇಕು."

ಹಗ್ಗ ಕೈಗೆ ಬಂದದ್ದೇ ತಡ, ಶೆಟ್ಟರ ಎದೆ ಉಬ್ಬಿತು. "ಏಯ್, ಹಿಂದೆ ಸರೀರೋ! ಜಿಲೇಬಿ ಕಂಡಿಲ್ವೇನ್ರೋ ಜನ್ಮದಲ್ಲಿ?" ಎಂದು ಅವರೇ ಗುಡುಗಿದರು. ದೇವೀರಿ ಸಾಲಿನಲ್ಲಿದ್ದ ಬಾಯಿಬಡುಕರಿಗೆಲ್ಲ ಹೀಗೇ ಹಗ್ಗ ಹಂಚಿದಳು. ನುಗ್ಗಲು ಬಂದವರೇ ಕಾವಲಿಗೆ ನಿಂತರು. ಮೆರವಣಿಗೆ ಜಿಲೇಬಿ ತುಳಿದುಕೊಂಡು ಮುಂದೆ ಹೋಯಿತು.

ಮಬ್ಬರಾಯ ಹಲ್ಲು ಕಡಿದು ಎರಡನೆಯ ಆಟ ಹೂಡಿದ. ದೇವೀರಿಯ ಬೆನ್ನ ಹಿಂದಿನಿಂದ ಜವರನ ದನಿ ಕೇಳಿತು. "ದೇವೀ, ಬಿದ್ಬಿಟ್ಟೆ ಕಣೇ! ಕಾಲು ಮುರೀತು! ಒಂದೇ ಒಂದ್ಸಲ ಈ ಕಡೆ ತಿರುಗೇ!"

ಅಯ್ಯೋ, ಆ ದನಿ ಕೇಳಿ ವರ್ಷವಾಗಿತ್ತು. ಅವಳ ಕಣ್ಣು ತುಂಬಿತು. ಆದರೂ ಅವಳು ಎದುರಿಗಿದ್ದ ಮುಖಗಳನ್ನು ನೋಡಿದಳು. ಮುಂದಿನ ಸಾಲಿನ ಅಜ್ಜಿ ಹಾಯಾಗಿ ಎಲೆಯಡಿಕೆ ಜಗಿಯುತ್ತಿದ್ದಳು. ಅವಳ ಮಡಿಲಿನ ಮಗು ಯಾವುದನ್ನೋ ನೋಡಿ ಕೇಕೆ ಹಾಕುತ್ತಿತ್ತು. ಕೊಕ್ಕರೆಯೊಂದು ಕಾಲು ಮುರಿದುಕೊಂಡು ಬಿದ್ದಿದ್ದರೆ ಇಷ್ಟು ಹೊತ್ತಿಗೆ ಈ ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದಳು. ಯಾರ ಮುಖದಲ್ಲೂ ಅಯ್ಯೋ ಅನ್ನುವ ಕಳೆಯಿಲ್ಲ.

"ಮಬ್ಬರಾಯ, ನನ್ನ ಗಂಡ ನನ್ನನ್ನ ಯಾವತ್ತೂ ದೇವೀ ಅಂತ ಮುದ್ದಾಗಿ ಕರ್ದೋರಲ್ಲ, ಹೋಗು!" ಎಂದಳು ದೇವೀರಿ. ಅಜ್ಜಿ ಏನೂ ಅರ್ಥವಾಗದೆ ನಕ್ಕಳು.

ಮಾಂತ್ರಿಕನಿಗೆ ಮೈಯೆಲ್ಲ ಉರಿಯಿತು. ಮೂರನೆಯ ಆಟಕ್ಕೆ ಹೊಗೆಯಿಂದ ಒಂದು ಹುಲಿ ಮಾಡಿ ಜನರ ಹಿಂದೆ ಬಿಟ್ಟ. ಹುಲಿ ಗರ್ಜಿಸಿತು. ಹಿಂದಿನವರು ಕಿರುಚಿ ಮುಂದಕ್ಕೆ ನುಗ್ಗಿದರು. ಮುಂದಿನವರು ಹಗ್ಗಕ್ಕೆ ಒತ್ತಿಕೊಂಡು ಉಸಿರು ಸಿಗದೆ ಒದ್ದಾಡಿದರು.

"ಹಗ್ಗ ಬಿಗಿ ಹಿಡೀರಿ!" ಎಂದು ಕೆಂಚನಾಯಕ ಕೂಗಿದ.

ಹಗ್ಗ ಬಿಗಿ ಹಿಡಿದರೆ ಅಜ್ಜಿ, ಮಗು ಅಪ್ಪಚ್ಚಿ. ಬಿಟ್ಟರೆ ಜನ ಬೀದಿಗೆ ಬೀಳುತ್ತಾರೆ, ಮೆರವಣಿಗೆ ನಿಲ್ಲುತ್ತದೆ, ಜವರ ಸಾಯುವವರೆಗೂ ಕೊಕ್ಕರೆ. ದೇವೀರಿ ಒಮ್ಮೆ ಉಸಿರೆಳೆದುಕೊಂಡಳು. ಆಮೇಲೆ ಹಗ್ಗ ಬಿಟ್ಟುಬಿಟ್ಟಳು.

"ಶೆಟ್ರೇ, ಬಿಡಿ ಹಗ್ಗ! ಎಲ್ಲಾರೂ ಬಿಡಿ! ಯಾರೂ ಓಡ್ಬೇಡಿ, ಯಾರೂ ನಿಲ್ಬೇಡಿ! ನಡೀರಿ, ಮೆರವಣಿಗೆ ಜೊತೆಗೇ ನಡೀರಿ!"

"ನಡೀರೋ, ನಡೀರಿ!" ಎಂದು ಶೆಟ್ಟರು ಗಂಟಲು ಹರಿಯುವಂತೆ ಕೂಗಿದರು. ದೇವೀರಿ ಅಜ್ಜಿಯ ಕೈ ಹಿಡಿದು, ಮಗುವನ್ನು ಕಂಕುಳಿಗೆ ಏರಿಸಿ, ಕೆರೆಬಾಗಿಲ ಕಡೆ ಮುಖ ಮಾಡಿ ಹೆಜ್ಜೆ ಹಾಕಿದಳು. ಅವಳ ಹಿಂದೆ ಹತ್ತು ಜನ, ಹತ್ತು ಜನರ ಹಿಂದೆ ಊರು. ಆನೆಗಳ ಪಕ್ಕ ಅಜ್ಜಿಯರು, ಆಮೆಗಳ ಪಕ್ಕ ಮಕ್ಕಳು. ಒಬ್ಬರೂ ನಿಲ್ಲಲಿಲ್ಲ, ಒಂದು ಮೃಗವೂ ನಿಲ್ಲಲಿಲ್ಲ. ಹೊಗೆಹುಲಿ ಖಾಲಿ ಬೀದಿಯಲ್ಲಿ ಯಾರನ್ನು ಹೆದರಿಸುವುದೆಂದು ತಿಳಿಯದೆ ಕರಗಿಹೋಯಿತು.

ಮಬ್ಬರಾಯ ದಿಕ್ಕು ತೋಚದೆ ತಾನೇ ಕೆಳಗಿಳಿದು, ಕೆರೆಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ ನಿಂತ. "ನಿಲ್ಲಿ! ನಾನು ಯಾರು ಗೊತ್ತಾ?"

"ಯಾರಾದ್ರೂ ಆಗಿರು ಸ್ವಾಮಿ, ದಾರೀಲಿ ನಿಲ್ಬೇಡ, ನಡಿ," ಎಂದಳು ಅಜ್ಜಿ. ಹಿಂದಿನಿಂದ ಊರಿಗೆ ಊರೇ ಬರುತ್ತಿತ್ತು. ಶೆಟ್ಟರ ಹೊಟ್ಟೆ ಮಾಂತ್ರಿಕನ ಎದೆಗೆ ತಾಗಿತು. ಅವನೂ ನಡೆದ. ನಡೆಯದೆ ಏನು ಮಾಡಿಯಾನು? ಬೈದುಕೊಳ್ಳುತ್ತ, ಎಡವುತ್ತ, ಎಲ್ಲರ ಜೊತೆಗೆ ಕೆರೆಬಾಗಿಲು ದಾಟಿಬಿಟ್ಟ.

ಮೆರವಣಿಗೆ ಬಾಗಿಲು ದಾಟಿದ ಕೂಡಲೇ ಅವನ ಮಂತ್ರವೆಲ್ಲ ಉದುರಿಹೋಗಿ, ಬೋಳುತಲೆಯ ಸಣಕಲ ಮುದುಕನೊಬ್ಬ ಉಳಿದ. ದೇವೀರಿ ಅವನ ಕಡೆ ನೋಡಲೇ ಇಲ್ಲ. ಅವಳ ಪಕ್ಕದಲ್ಲಿ ಉದ್ದ ಕಾಲಿನ ಕೊಕ್ಕರೆಯೊಂದು ನಡೆಯುತ್ತಿತ್ತು. ರೆಕ್ಕೆ ತೋಳಾಯಿತು, ಕೊಕ್ಕು ಮೂಗಾಯಿತು, ಜವರ ಕಣ್ಣು ಪಿಳುಕಿಸುತ್ತ ನಿಂತ.

ದೇವೀರಿ ಅವನನ್ನು ಮುಡಿಯಿಂದ ಅಡಿಯವರೆಗೆ ನೋಡಿದಳು, ಕಣ್ಣು ತುಂಬ ನೋಡಿದಳು.

"ಮನೇಲಿ ಏನ್ ಸಾರು?" ಎಂದ ಜವರ. "ವರ್ಷವೆಲ್ಲಾ ಬರೀ ಹಸಿಮೀನು ಕಣೇ."

ದೇವೀರಿ ಅಳುತ್ತಲೇ ನಕ್ಕಳು. ಅಂದಿನಿಂದ ಬಣ್ಣಗಿರಿಯಲ್ಲಿ ಮೆರವಣಿಗೆ ಕೆರೆಬಾಗಿಲ ಹತ್ತಿರ ಬಂದಾಗ ಹಗ್ಗ ಬಿಡುತ್ತಾರೆ. ಊರೆಲ್ಲ ಮೃಗಗಳ ಜೊತೆ ನಡೆಯುತ್ತದೆ, ಹಗ್ಗದವರು ಎಲ್ಲರಿಗಿಂತ ಮುಂದೆ. ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಹೇಳಿಕೊಂಡು ಕೇಳಿಕೊಂಡು ಸುಖವಾಗಿರೋಣ.