ಟರ್ಬೊ ಮಾರಿ ಪಾದ್ರಿ ಕಾರು ತಂದವನು

ಹೀರೋ ಎಂಟ್ರಿ ಅಂದರೆ ಮೊದಲು ಸದ್ದು ಬರಬೇಕು, ಆಮೇಲೆ ಧೂಳು, ಕೊನೆಗೆ ಮುಖ. ಮುರೀಥಿ ಈ ನಿಯಮವನ್ನು ಒಂದು ಭಾನುವಾರವೂ ತಪ್ಪಿಸಿದವನಲ್ಲ. ನೈವಾಶಾ ಕಡೆಯಿಂದ ಅವನ ನೀಲಿ ಟರ್ಬೊ ಕಾರು ಗೇರ್ ಇಳಿಸುವ ಸದ್ದು ಕೇಳಿದರೆ ಸಾಕು, ನಾನು ಕೈಯಲ್ಲಿದ್ದ ನೀರಿನ ಪೈಪು ಎಸೆದು ಕನ್ನಡಿ ನೋಡಿಕೊಳ್ಳುತ್ತಿದ್ದೆ. ತೊಳೆಯುತ್ತಿದ್ದ ಗಿರಾಕಿಯ ಕಾರಿನ ಕನ್ನಡಿಯೇ.

ಆ ಭಾನುವಾರ ಸದ್ದೇ ಬರಲಿಲ್ಲ. ಊರಿನ ಪಾದ್ರಿಗಳು ಓಡಿಸುವಂಥ ಬಿಳಿ ಕಾರೊಂದು ಟಕಟಕ ಅನ್ನುತ್ತಾ, ಪೂಜೆ ನಡೆಯುವಾಗ ತಡವಾಗಿ ಒಳಗೆ ಬಂದವರ ಹಾಗೆ, ತಲೆ ತಗ್ಗಿಸಿಕೊಂಡು ಅಂಗಳಕ್ಕೆ ಬಂತು. ಬಾಗಿಲು ತೆರೆಯಿತು. ಇಳಿದವನು ಮುರೀಥಿ.

ನಕುರು ಹೆದ್ದಾರಿ ಪಕ್ಕ ನಮ್ಮಮ್ಮನದು ಕಾರು ತೊಳೆಯುವ ಜಾಗ. ಹಿಂದೆ ಮೇಕೆ ಮಾಂಸ ಸುಡುವ ಒಲೆ. ಚರ್ಚು ಮುಗಿದ ಮೇಲೆ ಊರಿನ ಟರ್ಬೊ ಹುಡುಗರೆಲ್ಲ ಇಲ್ಲೇ. ಕಾರುಗಳು ಮೀಯುತ್ತವೆ, ಹುಡುಗರು ತಿನ್ನುತ್ತಾರೆ, ನಾನು ಅವರನ್ನು ಆಡಿಕೊಳ್ಳುತ್ತೇನೆ. ಹೆಸರು ನ್ಯಾವಿರಾ. ಬಾಯಿ ಸ್ವಲ್ಪ ಉದ್ದ ಅಂತ ಅಮ್ಮ ಹೇಳುತ್ತಾಳೆ. ಸ್ವಲ್ಪ ಅನ್ನುವುದು ಹೆತ್ತವಳ ಪ್ರೀತಿ.

"ಯಾವ ಚರ್ಚು, ಪಾದ್ರಿಗಳೇ?" ಎಂದೆ.

"ತಮಾಷೆ ಸಾಕು. ತೊಳಿ."

"ಇದನ್ನಾ? ಇದಕ್ಕೆ ನಮ್ಮ ನಲ್ಲಿ ನೀರು ಆಗಲ್ಲ, ಬಿಷಪ್ಪು ಮಂತ್ರಿಸಿದ ನೀರೇ ಬೇಕು. ನಿನ್ನ ಕಾರೆಲ್ಲಿ?"

"ಇದೇ ನನ್ನ ಕಾರು."

"ನೀಲಿದು?"

"ಮಾರ್ದೆ."

ಅವನ ಜೊತೆ ರೇಸ್ ಬಿಡುತ್ತಿದ್ದ ಕಿಬೆ, ಬಾಯಿಗೆ ಹಾಕಿದ ಮೂಳೆಯನ್ನು ಕಚ್ಚುವುದನ್ನೂ ಮರೆತು ನಿಂತ. ನಾನು ಬಿಳಿ ಕಾರನ್ನು ಒಂದು ಸುತ್ತು ಬಂದೆ. ಟ್ಯಾಂಕಿನ ಮುಚ್ಚಳದ ಮೇಲೆ ಅಂಗೈಯಗಲ ಸ್ಟಿಕ್ಕರು.

"ಡೀಸೆಲ್," ಎಂದು ಓದಿದೆ. "ಮುರೀಥಿ, ಇದು ಡೀಸೆಲ್ಲು."

"ಗೊತ್ತು. ಇದರಲ್ಲೂ ಟರ್ಬೊ ಇದೆ ಕಣೆ."

"ನಮ್ಮಜ್ಜಿಗೂ ಹಲ್ಲಿದೆ. ಕಡಿಯೋಕಾಗಲ್ಲ ಅಷ್ಟೆ."

"ಒಂದು ಟ್ಯಾಂಕಿಗೆ ಎಷ್ಟು ದೂರ ಹೋಗತ್ತೆ ಗೊತ್ತಾ?"

"ಹೋಗ್ಲಿ ಬಿಡು. ಎಷ್ಟು ದೂರ ಹೋದ್ರೆ ಅಷ್ಟು ಒಳ್ಳೇದು. ವಾಪಸ್ ಬರದಿದ್ರೆ ಇನ್ನೂ ಒಳ್ಳೇದು."

ಹುಡುಗರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ಆ ನೀಲಿ ಕಾರನ್ನು ನಾನೊಬ್ಬಳೇ ತೊಳೆಯುತ್ತಿದ್ದೆ. ಬೇರೆ ಯಾರಿಗೂ ಅವನು ಅದನ್ನು ಮುಟ್ಟಗೊಡುತ್ತಿರಲಿಲ್ಲ. ಸೋಡಾ ಕ್ರೇಟು ಬೋರಲು ಹಾಕಿ ಕೂತು, ಬಾನೆಟ್ಟನ್ನೇ ದಿಟ್ಟಿಸುತ್ತಿದ್ದ. ಎಲ್ಲಿ ಧೂಳು ಉಳಿಸಿದೆ ಅಂತ ಹುಡುಕುತ್ತಾನೆ ಅಂದುಕೊಂಡು ನಾನು ಇನ್ನೂ ಜೋರಾಗಿ ಉಜ್ಜುತ್ತಿದ್ದೆ. ಒಂದು ದಿನ ಆ ನೀಲಿಯ ಹೊಳಪಿನಲ್ಲಿ ನನ್ನದೇ ಮುಖ ಕಂಡಿತು. ಅವನು ನೋಡುತ್ತಿದ್ದದ್ದು ಅದನ್ನು.

ತಿರುಗಿದೆ. ಅವನು ತಕ್ಷಣ ಟೈರು ನೋಡಿದ. ಟೈರು ನೋಡಿ ಯಾರಾದರೂ ಅಷ್ಟು ನಾಚಿಕೊಳ್ಳುತ್ತಾರಾ?

ಅಂಥ ಕಾರನ್ನು, ಒಂದು ಮಾತು ಕೇಳದೆ, ಮಾರಿಬಿಟ್ಟಿದ್ದ. ಬಿಳಿ ಬಾನೆಟ್ಟಿನಲ್ಲಿ ಯಾರ ಮುಖವೂ ಕಾಣುವುದಿಲ್ಲ.

ಅದಕ್ಕೇ ನಾನು ಸೇಡು ತೀರಿಸಿಕೊಳ್ಳಲು ಹೊರಟೆ. ಅವನು ಮಾಂಸ ತಿನ್ನುತ್ತಿದ್ದಾಗ ಆ ಸ್ಟಿಕ್ಕರಿನ ಸುತ್ತ ಕೆಂಪು ಲಿಪ್‌ಸ್ಟಿಕ್ಕಿನಲ್ಲಿ ಮೇಣದ ಬತ್ತಿಗಳನ್ನು ಬರೆದು, ಕೆಳಗೆ 'ಆಮೆನ್' ಅಂತ ಸೇರಿಸಿದೆ. ಹಿಂದಿನ ಗಾಜಿಗೆ 'ಇಲ್ಲಿ ಹಾಲು ಸಿಗುತ್ತದೆ' ಅಂತ ರಟ್ಟು ಅಂಟಿಸಿದೆ. ಅವನು ನೋಡದೆ ಊರೆಲ್ಲ ತಿರುಗಿದ.

ವಾರದ ಮಧ್ಯೆ ಬಂದ. ರಟ್ಟು ಕೈಯಲ್ಲಿತ್ತು.

"ಇದು ಯಾರ ಕೆಲಸ?"

"ವ್ಯಾಪಾರ ಹೇಗಿದೆ ಹೇಳು ಮೊದಲು."

"ಟ್ರಾಫಿಕ್ ಪೋಲೀಸು ಕೈ ಅಡ್ಡ ಹಾಕ್ದ. ಲೈಸೆನ್ಸ್ ತೆಗೆದು ಕೊಟ್ರೆ, ಅದು ಬೇಡ, ಅರ್ಧ ಲೀಟರ್ ಕೊಡು ಅಂದ."

ನಗು ತಡೆಯಲಾಗಲಿಲ್ಲ. ಅವನೂ ನಕ್ಕ, ನಗುತ್ತಲೇ ನನ್ನನ್ನು ನೋಡಿದ. ಈ ಸಲ ಟೈರಿನ ಕಡೆ ತಿರುಗಲಿಲ್ಲ. ಆ ಕಣ್ಣು ನನ್ನ ಕೆನ್ನೆಗೆ ಅಂಟಿದ್ದ ಸೋಪಿನ ನೊರೆಯ ಮೇಲೆ ಕೂತು, ಎದ್ದು ಹೋಗುವ ಅವಸರವೇ ಇಲ್ಲದ ಹಾಗೆ ಕೂತೇ ಇತ್ತು. ನಾನೇ ಮುಖ ಒರೆಸಿಕೊಂಡೆ. ಡೀಸೆಲ್ಲಿನವನ ಮುಂದೆ ಕರಗಿದರೆ ನನ್ನ ಮರ್ಯಾದೆ ಏನಾಗಬೇಕು?

"ನಿಜ ಹೇಳು. ಯಾಕೋ ಮಾರ್ದೆ? ಕಾಯಿಲೆನಾ?"

"ಹೌದು ಅನ್ಕೋ."

"ಗುಣ ಆಗೋದಾ?"

"ಶನಿವಾರ ಗೊತ್ತಾಗತ್ತೆ," ಎಂದು ಹೊರಟ. ಹೋಗುವಾಗ ನೋಡಿದೆ, ಟ್ಯಾಂಕಿನ ಮುಚ್ಚಳದ ಮೇಲೆ ಸ್ಟಿಕ್ಕರಿರಲಿಲ್ಲ. ಲಿಪ್‌ಸ್ಟಿಕ್ಕಿನ ಜೊತೆ ಅದನ್ನೂ ಕೆರೆದು ಹಾಕಿದ್ದ. ನಾಚಿಕೆಗೆಟ್ಟವನಿಗೂ ಇಷ್ಟು ನಾಚಿಕೆ ಉಳಿದಿದೆಯಲ್ಲ ಅಂತ ಖುಷಿಪಟ್ಟೆ.

ಶನಿವಾರ ಅಮ್ಮ ಬೇಗ ಮನೆಗೆ ಹೊರಟಳು. ನಮ್ಮ ಮನೆ ಬಹಾತಿ ದಿಬ್ಬದ ಮೇಲೆ.

"ಬೇಗ ಬಾ. ನೆಂಟರು ಬರ್ತಾರೆ. ಆ ಗಂಬೂಟು ಇಲ್ಲೇ ಬಿಚ್ಚಿಟ್ಟು ಬಾ," ಎಂದಳು. ಚರ್ಚಿನ ಹೆಂಗಸರಿರಬೇಕು ಅಂದುಕೊಂಡು ನಾನು ಗಂಬೂಟಿನಲ್ಲೇ ಉಳಿದೆ.

ಮಧ್ಯಾಹ್ನ ರಸ್ತೆಯಾಚೆಯ ಪೆಟ್ರೋಲ್ ಬಂಕಿಗೆ ಬಿಳಿ ಕಾರು ಬಂತು. ಕಿಬೆ ಮತ್ತವನ ಗ್ಯಾಂಗು ಅಲ್ಲೇ ಸಾಲಾಗಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಟೋಪಿಗಳು ಕಂಡವು. ಒಳ್ಳೆಯ ಸೀನು ತಪ್ಪಿಸಿಕೊಳ್ಳುವವಳಲ್ಲ ನಾನು. ಸ್ಪಂಜು ಹಿಡಿದೇ ರಸ್ತೆ ದಾಟಿದೆ.

ಬಂಕಿನವಳು ಕಿಟಕಿಗೆ ಬಗ್ಗಿ, "ಏನು ಹಾಕ್ಲಿ ಅಣ್ಣಾ?" ಎಂದಳು.

ನಾನು ಪಂಪಿಗೆ ಒರಗಿ ನಿಂತೆ. "ಜೋರಾಗಿ ಹೇಳಿ ಪಾದ್ರಿಗಳೇ. ಸಭಿಕರಿಗೆಲ್ಲ ಕೇಳಿಸ್ಲಿ."

ಹುಡುಗರು ಫೋನು ಎತ್ತಿ ಹಿಡಿದರು. ಮುರೀಥಿ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದ. ತುಟಿ 'ಡೀ' ಅನ್ನಲು ಹೊರಟು, ನನ್ನ ಹುಬ್ಬು ಏರಿದ್ದು ಕಂಡು, ದಾರಿ ಬದಲಿಸಿತು.

"ಪೆಟ್ರೋಲ್," ಎಂದ. "ಫುಲ್ ಮಾಡಿ."

ಬಂಕಿನವಳು ಮುಚ್ಚಳ ನೋಡಿದಳು. ಸ್ಟಿಕ್ಕರೇ ಇಲ್ಲ. ಪೈಪು ಒಳಗಿಟ್ಟಳು.

ಪೆಟ್ರೋಲ್ ಇಳಿಯುತ್ತಿದೆ, ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದೇವೆ. ಅವನು ನಿಲ್ಲಿಸುತ್ತಾನೆ ಅಂತ ನಾನು. ನಾನು ನಿಲ್ಲಿಸುತ್ತೇನೆ ಅಂತ ಅವನು. ಯಾರೂ ರೆಪ್ಪೆ ಮಿಟುಕಿಸಲಿಲ್ಲ. ಪಂಪು ಕಟ್ ಅಂದಿತು.

ತಿರುವು ದಾಟಿ, ನಮ್ಮ ಕಣ್ಣಿಗೆ ಮರೆಯಾದ ಮೇಲೆ ನಿಲ್ಲಿಸಿ ಏನಾದರೂ ಮಾಡೋಣ ಅನ್ನುವುದು ಅವನ ಉಪಾಯವಾಗಿತ್ತಂತೆ. ಕಾರಿಗೆ ಆ ಉಪಾಯ ಯಾರೂ ಹೇಳಿರಲಿಲ್ಲ. ತಿರುವಿಗೆ ಮುಂಚೆಯೇ ಕೆಮ್ಮಿತು, ನಡುಗಿತು, ಎಲ್ಲರ ಕಣ್ಣೆದುರಿಗೇ ರಸ್ತೆ ಬದಿಗೆ ಹೋಗಿ ಸುಮ್ಮನಾಯಿತು.

ಹುಡುಗರು ಶಿಳ್ಳೆ ಹೊಡೆದರು. ನಾನು ಮೆರವಣಿಗೆ ಹೊರಟವಳ ಹಾಗೆ ನಡೆದುಕೊಂಡು ಹೋಗಿ, ಹಿಂದಿನ ಕಿಟಕಿಯಲ್ಲಿ ಇಣುಕಿದೆ. ನಗು ಅಲ್ಲೇ ಸಿಕ್ಕಿಕೊಂಡಿತು.

ಕೋಟು ಹಾಕಿದ ಮೂವರು ಮುದುಕರು. ಒಬ್ಬರ ತೊಡೆಯ ಮೇಲೆ ಸೋರೆಬುರುಡೆ ತುಂಬ ಮುರಾತಿನಾ, ನಮ್ಮ ಜೇನು ಹೆಂಡ. ಇನ್ನೊಬ್ಬರ ಮಡಿಲಲ್ಲಿ ಹೊಸ ಕಂಬಳಿ, ಕಾಲ ಬಳಿ ಸಕ್ಕರೆ ಮೂಟೆ. ಇಷ್ಟನ್ನೂ ಹೊತ್ತು ನಮ್ಮವರು ಹೋಗುವುದು ಒಂದೇ ಕಡೆಗೆ.

"ಯಾವ ಕಡೆ ಹೊರಟ್ರಿ, ದೊಡ್ಡಪ್ಪಾ?" ಕೇಳಿದೆ.

"ಹೆಣ್ಣು ಕೇಳೋಕೆ ತಾಯಿ," ಎಂದರು ಬುರುಡೆ ಹಿಡಿದಿದ್ದ ಹಿರಿಯರು. ಮುರೀಥಿಯ ದೊಡ್ಡಪ್ಪ ಗಿಚೂರು, ಅವನಪ್ಪನ ಅಣ್ಣ.

ಅಂದರೆ ಶನಿವಾರ ಗೊತ್ತಾಗುವ ಕಾಯಿಲೆ ಇದು. ಯಾವಳೋ ಒಬ್ಬಳಿಗಾಗಿ ನೀಲಿ ಕಾರು ಹೋಗಿದೆ. ಸ್ಪಂಜಿನ ನೀರು ಗಂಬೂಟಿನೊಳಗೆ ಇಳಿಯುತ್ತಿತ್ತು.

"ಪಾಪ, ಯಾರಂತೆ ಆ ಹುಡುಗಿ?"

"ಹೆಸರು ಹೇಳಿದ್ದ, ಮರೆತೆ. ಬಾಯಿ ಮಾತ್ರ ಭಾರಿ ಜೋರಂತೆ. ಅವರಮ್ಮಂದು ಕಾರು ತೊಳೆಯೋ ಅಂಗಡಿಯಂತೆ."

ಎತ್ತಿದ ಬಾನೆಟ್ಟಿನ ಹಿಂದೆ ಯಾರದೋ ತಲೆ ಢಣ್ ಅಂತ ಬಡಿದುಕೊಂಡಿತು.

ಮುಂದಕ್ಕೆ ಹೋದೆ. ಮುರೀಥಿ ನೆತ್ತಿ ಉಜ್ಜಿಕೊಳ್ಳುತ್ತಾ ಇಂಜಿನ್ನಿನ ಜೊತೆ ಮಾತಾಡುವವನ ಹಾಗೆ ಬಗ್ಗಿದ್ದ.

"ಇಂಜಿನ್ ಹೋಗತ್ತೆ ಅಂತ ಗೊತ್ತಿತ್ತು ನಿಂಗೆ."

"ಗೊತ್ತಿತ್ತು."

"ಆದ್ರೂ ಪೆಟ್ರೋಲ್ ಅಂದೆ."

"ನಿನ್ನ ಮುಂದೆ ಆ ಪದ ಬರ್ಲಿಲ್ಲ ಕಣೆ. ಇಂಜಿನ್ ಹೋದ್ರೆ ಇನ್ನೊಂದು ಸಿಗತ್ತೆ."

ಲಾರಿಯೊಂದು ಹೋಯಿತು. ಅದರ ಗಾಳಿಗೆ ಅವನ ಶರ್ಟು ಉಬ್ಬಿ ಇಳಿಯಿತು.

"ನೀಲಿ ಕಾರಲ್ಲಿ ದೊಡ್ಡಪ್ಪನ್ನ ಕೂರಿಸಿ ನೋಡ್ದೆ," ಎಂದ ಮೆಲ್ಲಗೆ. "ಮಂಡಿ ಕಿವಿಗೆ ತಾಗಿತು. ಹೀಗೆ ಮುದುಡಿಕೊಂಡು ಹೆಣ್ಣು ಕೇಳೋಕೆ ಬರಲ್ಲ ಅಂದ್ಬಿಟ್ರು. ಅದೂ ಅಲ್ದೆ, ನಮ್ಮಲ್ಲಿ ಹೆಣ್ಣು ಕೇಳೋದು ಒಂದೇ ಸಲಕ್ಕೆ ಮುಗಿಯತ್ತಾ? ಮಾತಿಗೆ ಬನ್ನಿ, ಮೇಕೆ ತನ್ನಿ, ಅತ್ತೆಗೆ ಕಂಬಳಿ ಬಾಕಿ, ಮಾವನಿಗೆ ಟೋಪಿ ಬಾಕಿ. ನಾವು ಮುದುಕರಾದ್ರೂ ಕರೀತಾನೇ ಇರ್ತಾರೆ. ನೀಲಿದು ಒಂದ್ಸಲ ಜೋರಾಗಿ ಬಂದು ನಿಲ್ಲೋಕೆ ಸರಿ. ಇದು ಸಾಯೋ ತನಕ ಬರ್ತಾ ಇರೋಕೆ."

ಕೈಯಲ್ಲಿದ್ದ ಸ್ಪಂಜಿನಿಂದ ಆ ಕಾರಿನ ದೀಪದ ಮೇಲಿನ ಧೂಳು ಒರೆಸಿದೆ.

ಅಷ್ಟರಲ್ಲಿ ಗಿಚೂರು ಕಾರಿನಿಂದ ಇಳಿದು, ಊರ ಕಡೆ ಹೋಗುವ ಮಟಾಟು ಬಸ್ಸಿಗೆ ಕೈ ಅಡ್ಡ ಹಿಡಿಯತೊಡಗಿದ್ದರು.

"ವಾಪಸ್ ಹೋಗೋಣ ಮುರೀಥಿ. ಹೆಣ್ಣು ಕೇಳೋಕೆ ಹೊರಟ ಗಾಡಿ ದಾರೀಲಿ ನಿಂತ್ರೆ ಆ ಮನೆ ಬೇಡ ಅಂತ. ಈ ಸಂಬಂಧದ ಮಾತು ಮತ್ತೆ ನನ್ನ ಹತ್ರ ಎತ್ತಬೇಡ."

ಮುರೀಥಿಯ ಮುಖ ನೋಡಿದೆ. ಇಂಜಿನ್ ನಿಂತಾಗ ಬಾಡದ ಮುಖ ಈಗ ಬಾಡಿತ್ತು. ಆ ಮುದುಕರು ಬಸ್ಸು ಹತ್ತಿದರೆ ಅವನ ಪರವಾಗಿ ನಮ್ಮ ಮನೆ ಬಾಗಿಲಿಗೆ ಬರುವವರು ಇನ್ನಾರೂ ಇಲ್ಲ.

ಓಡಿಹೋಗಿ ದೊಡ್ಡಪ್ಪನ ಕೈಯನ್ನು, ಬುರುಡೆ ಸಮೇತ, ಹಿಡಿದುಕೊಂಡೆ.

"ಹೋಗೋದಿದ್ರೆ ಊಟ ಮಾಡಿ ಹೋಗಿ. ಹಸಿದವರನ್ನ ನಮ್ಮ ಅಂಗಳದಿಂದ ಕಳಿಸಿ ಅಭ್ಯಾಸ ಇಲ್ಲ."

ಮಾಂಸದ ವಾಸನೆ ನನ್ನ ಪರವಾಗಿ ವಾದ ಮಾಡಿತು. ಮೂವರನ್ನೂ ಒಲೆ ಪಕ್ಕದ ನೆರಳಲ್ಲಿ ಕೂರಿಸಿ, ಪಕ್ಕೆಲುಬು, ಬಿಸಿ ಉಗಾಲಿ ಮುದ್ದೆ, ಸಾರು ತಂದಿಟ್ಟೆ. ಮೆಕ್ಯಾನಿಕ್ಕನ್ನು ಕರೆಸಿ ಟ್ಯಾಂಕು ಬರಿದು ಮಾಡಿಸಿ, ಫಿಲ್ಟರು ಬದಲಿಸಲು ಹೇಳಿದೆ. ಆಮೇಲೆ ಕಿಬೆಯ ಕಡೆ ತಿರುಗಿದೆ.

"ಫೋನು ಜೇಬಲ್ಲಿಡು. ಕಾರು ಬಂಕಿಗೆ ತಳ್ಳು."

"ಅದನ್ನಾ? ನಾನಾ?"

"ಆಡಿಕೊಳ್ಳೋ ಹಕ್ಕು ನಂದು ಮಾತ್ರ. ನಿಮ್ಮದು ತಳ್ಳೋದು."

ಟರ್ಬೊ ಹುಡುಗರೆಲ್ಲ ಸೇರಿ ಪಾದ್ರಿ ಕಾರು ತಳ್ಳುವುದನ್ನು ನೋಡುತ್ತಾ ಗಿಚೂರು ಎರಡನೇ ಎಲುಬು ಎತ್ತಿಕೊಂಡರು. ನನ್ನ ಕಡೆ ಗಲ್ಲ ತೋರಿಸಿ ಮುರೀಥಿಗೆ ಹೇಳಿದರು:

"ಈ ಹುಡುಗಿ ನೋಡೋ. ಕೈ ಚುರುಕು, ಮಾತು ಮೆದು. ಆ ಬಾಯಿಬಡುಕಿ ಬದಲು ಇವಳನ್ನ ಕೇಳಬಾರ್ದಾ?"

"ಡೀಸೆಲ್ ಗಾಡಿಯವರಿಗೆ ನಾನು ಸುಲಭಕ್ಕೆ ಸಿಗಲ್ಲ ದೊಡ್ಡಪ್ಪಾ," ಎಂದೆ.

ಮುರೀಥಿ ನೀರು ನೆತ್ತಿಗೇರಿಸಿಕೊಂಡು ಕೆಮ್ಮಿದ. "ಅವಳೇ ಇವಳು, ದೊಡ್ಡಪ್ಪಾ."

ಮುದುಕರು ನನ್ನನ್ನು ಗಂಬೂಟಿನಿಂದ ತಲೆಯವರೆಗೆ ನಿಧಾನವಾಗಿ ನೋಡಿದರು.

"ಹಾಗಾದ್ರೆ ಗಾಡಿ ನಿಲ್ಲಬೇಕಾದ ಕಡೆಗೇ ನಿಂತಿದೆ," ಎಂದು ಗಿಚೂರು ಎಲುಬಿಗೆ ಬಾಯಿ ಹಾಕಿದರು.

ಬಂಕಿನವಳು ಈ ಸಲ ಯಾರನ್ನು ಕೇಳುವುದು ಅಂತ ತಿಳಿಯದೆ ಎಲ್ಲರ ಮುಖ ನೋಡಿದಳು. "ಡೀಸೆಲ್," ಎಂದೆ ನಾನೇ, ಲಾರಿಯವರಿಗೂ ಕೇಳುವ ಹಾಗೆ. ಕಿಬೆ ಕಿವಿ ಮುಚ್ಚಿಕೊಂಡ.

ಹೀಗೆ ನನ್ನನ್ನು ಕೇಳಲು ಹೊರಟವರ ಕಾರಿನಲ್ಲಿ, ಗಿಚೂರು ಮುಂದಿನ ಸೀಟಿಗೆ ಹೋದ ಮೇಲೆ ಉಳಿದಿಬ್ಬರು ಮುದುಕರ ನಡುವೆ ಕೂತು, ನಾನೇ ದಾರಿ ತೋರಿಸುತ್ತಾ ದಿಬ್ಬ ಹತ್ತಿದೆ. ಒಂದು ಮಾತು ಒಪ್ಪಬೇಕು, ಕಾಲು ಚಾಚಲು ಜಾಗ ಇತ್ತು. ಕನ್ನಡಿಯಲ್ಲಿ ಮುರೀಥಿಯ ಕಣ್ಣು ಆಗಾಗ ರಸ್ತೆ ಬಿಟ್ಟು ಹಿಂದಕ್ಕೆ ಬರುತ್ತಿತ್ತು.

"ಮುಂದೆ ನೋಡೋ," ಎಂದೆ.

"ನೋಡ್ತಾ ಇದೀನಿ," ಎಂದ, ನೋಡದೆ.

ಅಮ್ಮ ಬಾಗಿಲಲ್ಲಿ ನಿಂತು ನಾನು ಇಳಿಯುವುದನ್ನು ಕಂಡಳು. "ನೀನು ಕೇಳೋರ ಕಡೆಯವಳಾ, ಕೊಡೋರ ಕಡೆಯವಳಾ? ಮೊದಲು ಕಾಲು ತೊಳ್ಕೋ."

ಕಾಲು ತೊಳೆದು ಬಂದೆ. ನಮ್ಮಲ್ಲಿ ಉಳಿದ ಮಾತೆಲ್ಲ ಹಿರಿಯರದು, ಒಂದು ಮಾತು ಮಾತ್ರ ಹುಡುಗಿಯದು. ಅವಳು ಕುಡಿಯಿರಿ ಅಂದರೆ ಗಂಡನ್ನು ಒಪ್ಪಿದಳು ಅಂತ. ಸೋದರಮಾವ ಬುರುಡೆಯ ಹೆಂಡವನ್ನು ಕುಡಿಯುವ ಕೊಂಬಿಗೆ ಸುರಿದು, ಎಲ್ಲರ ಮುಂದೆ ಕೇಳಿದ:

"ನ್ಯಾವಿರಾ, ಇವರು ಗೊತ್ತಾ ನಿನಗೆ? ಇವರು ತಂದದ್ದನ್ನ ಕುಡಿಯೋಣವಾ?"

ಮುರೀಥಿ ಚಾಪೆಯ ನಾರು ಕೀಳುತ್ತಿದ್ದ. ತಲೆ ಎತ್ತಿದ. ಆ ನೋಟದಲ್ಲಿ ಧೈರ್ಯ ಒಂದು ತೊಟ್ಟೂ ಇರಲಿಲ್ಲ, ಬೇರೆಲ್ಲ ತುಂಬಿತ್ತು.

"ಹೊರಗೆ ನಿಂತಿರೋ ಕಾರು ನೋಡಿದ್ಯಾ ಮಾವ?" ಎಂದೆ. "ಅಂಥದ್ದನ್ನ ಓಡಿಸ್ಬೇಕಾದ್ರೆ ಒಂದೋ ನಾಚಿಕೆ ಬಿಟ್ಟಿರ್ಬೇಕು, ಇಲ್ಲ ಪ್ರೀತಿ ಇರ್ಬೇಕು. ಇವನಿಗೆ ನಾಚಿಕೆ ಇದೆ. ಮಧ್ಯಾಹ್ನ ಬಂಕಲ್ಲಿ ನಾನೇ ಕಣ್ಣಾರೆ ನೋಡ್ದೆ."

ಕೊಂಬು ತೆಗೆದುಕೊಂಡು ಮೊದಲ ಗುಟುಕು ನಾನೇ ಕುಡಿದು, ಮಾವನಿಗೆ ಕೊಟ್ಟೆ.

ಮಾವ ಬಾಯಿ ಒರೆಸಿಕೊಂಡವನೇ ಮುಂದಿನ ಸಲಕ್ಕೆ ಏನೇನು ತರಬೇಕು ಅಂತ ಶುರು ಮಾಡಿದ. ಮೇಕೆಗಳು, ಅಮ್ಮನಿಗೆ ನೀರಿನ ಡ್ರಮ್ಮು, ತನಗೊಂದು ಕೋಟು. ಮುರೀಥಿ ಪ್ರತಿಯೊಂದಕ್ಕೂ ತಲೆಯಾಡಿಸಿ, "ಬರ್ತೀನಿ, ಬರ್ತೀನಿ," ಅನ್ನುತ್ತಿದ್ದ.

ಏನು ತರ್ತೀಯ ಅಂದರೆ ಬರ್ತೀನಿ ಅಂತಾನೆ, ಪೆದ್ದ.