ಬ್ಯಾರನ್ನಿನಲ್ಲಿ ಬೆಂದ ಮೆಮೊರಿ ಕಾರ್ಡ್

"ಎಂಗುಸ್ರು ಸೀರೆ ಬದ್ಲಾಯ್ಸೋ ರೂಮಿನ ಫೋಟೊ ತೆಗೀತಾವ್ನೆ ಕಣ್ರಪ್ಪೋ, ಈ ನನ್ಮಗ!"

ನಟರಾಜು ಕೂಗಿದ್ದೇ ತಡ, ಕಟ್ಟೆಮಳಲವಾಡಿಯ ಆ ನಿಶ್ಚಿತಾರ್ಥದ ಅಂಗಳ ರಣರಂಗವಾಯಿತು. ಮದುಮಗನೇ ಹೇಳಿದ ಮೇಲೆ ನಂಬದೇ ಇರುವುದುಂಟೆ? ಮದುಮಗಳು ಮಂಗಳಾಳ ಅಣ್ಣ ಲಿಂಗರಾಜು, ಫೋಟೊಗ್ರಾಫರ್ ಸೋಮಶೇಖರನ ಕೊರಳಪಟ್ಟಿ ಹಿಡಿದು ಕೆಡವಿದ. ಕೈ ಮುರಿಯುವಂತೆ ಒದ್ದ. ಕ್ಯಾಮೆರಾವನ್ನು ಒರಳುಕಲ್ಲಿಗೆ ಕುಕ್ಕಿದ. ಸಿಡಿದು ಬಿದ್ದ ಮೆಮೊರಿ ಕಾರ್ಡನ್ನು ಹಿಮ್ಮಡಿಯಲ್ಲಿ ಹೊಸಕಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದಿದ್ದ ಹಸಿ ಸೊಪ್ಪಿನ ರಾಶಿಗೆ ಎಸೆದ.

"ಆ ಕಾರ್ಡ್ ಒಂದ್ಸಲ ನೋಡಿ ಕಣ್ರೀ..." ಸೋಮಶೇಖರನ ಬಾಯಲ್ಲಿ ರಕ್ತ. ಅವನು ಅಂಗಲಾಚಿದ್ದು ಮಂಗಳಾಳನ್ನೇ.

ಛಟೀರ್! ಅವಳೂ ಒಂದು ಬಿಗಿದಳು.

'ಬೆಳಿಗ್ಗೆಯಿಂದ ಇವನು ನಕ್ಕಾಗಲೆಲ್ಲ ನನ್ನ ಎದೆ ಯಾಕೆ ಹಾಗೆ ಹೊಡೆದುಕೊಳ್ಳುತ್ತಿತ್ತು... ಥೂ!' ಅವನಿಗಿಂತ ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು.

ಕಿತ್ತ ಸೊಪ್ಪು ನಿಶ್ಚಿತಾರ್ಥವೆಂದು ಕಾಯುತ್ತದೆಯೇ? ಸಂಜೆಯೇ ಆಳುಗಳು ಅದನ್ನು ಕಡ್ಡಿಗಳಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿದರು. ಹಗಲೂ ಇರುಳೂ ಬೆಂಕಿ ಉರಿಯಿತು. ಸೊಪ್ಪು ಹಳದಿಯಾಗಿ, ಒಣಗಿ ಇಳಿದ ದಿನ, ಕಡ್ಡಿ ಬಿಚ್ಚುತ್ತಿದ್ದ ಮಂಗಳಾಳ ಮಡಿಲಿಗೆ ಎಲೆಗಂಟಿದ್ದ ಆ ಕಾರ್ಡ್ ಉದುರಿತು. ಮೈಯೆಲ್ಲ ಸೊಪ್ಪಿನ ಅಂಟು, ಮೂಲೆ ಮುಕ್ಕಾಗಿತ್ತು.

'ಆ ಬೇಗೆಯಲ್ಲಿ ಇನ್ನೇನು ಉಳಿದೀತು?' ಎಂದುಕೊಂಡರೂ ಒರೆಸಿ, ಪಕ್ಕದ ಮನೆಯ ಗೆಳತಿ ಪೂಜಾಳ ಲ್ಯಾಪ್‌ಟಾಪಿಗೆ ಹಾಕಿದಳು.

"ಅಯ್ಯೋ, ಓಪನ್ ಆಯ್ತು ಕಣೇ!" ಪೂಜಾ ಚೀರಿದಳು.

ಆರತಿ... ಅಮ್ಮ... ಮಂಗಳಾಳ ನಗು... ಕೊನೆಯ ಫೋಟೊದಲ್ಲಿ ನಟರಾಜು! ಹೆಂಗಸರ ಕೋಣೆಯ ಕಿಟಕಿಗೆ ಮೊಬೈಲ್ ಹಿಡಿದಿದ್ದಾನೆ. ಕ್ಯಾಮೆರಾ ಕಡೆ ತಿರುಗಿದ ಮುಖದಲ್ಲಿ ಗಾಬರಿ. ಸಿಕ್ಕಿಬಿದ್ದವನೇ ಮೊದಲು ಕೂಗಿದ್ದ, ಪಾಪಿ!

ಮದುವೆ ಜವಳಿ ತಂದ ನಟರಾಜುವಿನ ಮುಂದೆ ಅವಳು ಲ್ಯಾಪ್‌ಟಾಪ್ ತೆರೆದಿಟ್ಟಳು.

"ಕೊಡೇ ಅದ್ನ!" ಅವನು ಅವಳ ಜಡೆಗೇ ಕೈ ಹಾಕಿದ.

ಕೈಗೆ ಸಿಕ್ಕ ಸೊಪ್ಪಿನ ಕಡ್ಡಿ ಮುರಿಯುವ ತನಕ ಬಾರಿಸಿದಳು. ಅವನ ಹಣೆ ಒಡೆಯಿತು, ಜವಳಿಯೆಲ್ಲ ರಕ್ತವಾಯಿತು. ಲಿಂಗರಾಜು ಬಿಡಿಸಲು ಬರಲಿಲ್ಲ. ಫೋಟೊ ನೋಡಿ ತಲೆ ತಗ್ಗಿಸಿ ನಿಂತಿದ್ದ. ಉಂಗುರ ಕಿತ್ತೆಸೆದು ಮಂಗಳಾ ಹುಣಸೂರಿನ ಬಸ್ಸು ಹತ್ತಿದಳು.

ಅಲ್ಲಿನ ತನ್ನ ಸ್ಟುಡಿಯೊದಲ್ಲಿ ಸೋಮಶೇಖರ ಮುರಿದ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ. ಕಾರ್ಡನ್ನು ಮೇಜಿನ ಮೇಲಿಟ್ಟು ಅವಳು ಬಿಕ್ಕಿದಳು.

"ತುಳಿದ್ರು, ಬೇಯ್ಸಿದ್ರು... ಆದ್ರೂ ಇದು ನಿಮ್ಮ ಸತ್ಯ ಉಳಿಸ್ಕೊಂಡೈತೆ. ನಾನೇ ನಿಮ್ಮನ್ನ ನಂಬ್ನಿಲ್ಲ. ನನ್ಗೂ ಹೊಡೀರಿ!"

"ಇರೋದು ಒಂದೇ ಕೈ ಕಣ್ರೀ... ಹೊಡೀಲೋ, ಕಣ್ಣು ಒರೆಸ್ಲೋ?"

ಮಂಗಳಾ ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. "ನನ್ನ ಕಟ್ಕೋತೀರಾ?"

"ನಿಮ್ಮಣ್ಣ ಈ ಕೈನೂ ಮುರುದ್ರೆ?"

"ಮುರೀಲಿ ಬುಡಿ... ಉಣ್ಸಕ್ಕೆ ನಾನಿಲ್ವಾ!"